ನ್ಯೂರಾಲಜಿ ರೆಸಿಡೆನ್ಸಿಗೆ ಅಂಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನ್ಯೂರಾಲಜಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ನರರೋಗ ತಜ್ಞರಾಗುವ ತರಬೇತಿ) ಮಾಡಬೇಕೆಂದು ನಮ್ಮ ರಾಜ್ಯದ ಎಂಬಿಬಿಎಸ್ ವಿದ್ಯಾರ್ಥಿಗಳು ಪ್ರತಿ ವರ್ಷ ಅರ್ಜಿ ಹಾಕುತ್ತಾರೆ. ಅವರ ಹಣ, ಸಮಯ, ನಿದ್ದೆ ಎಲ್ಲವೂ ಅಲ್ಲಿನ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಅಂಕಕ್ಕೇ ಖರ್ಚಾಗುತ್ತದೆ. ಅಂಕ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಅಂಕವಿದ್ದೂ ಸಂದರ್ಶನದ ಕರೆ ಬಾರದ ಅರ್ಜಿಗಳನ್ನು ಬಿಡಿಸಿ ನೋಡಿದರೆ ಕಾರಣ ಬೇರೆಲ್ಲೋ ಇರುತ್ತದೆ. ಶಿಫಾರಸು ಪತ್ರದಲ್ಲಿ ಹುರುಳಿರುವುದಿಲ್ಲ, ವೀಸಾಕ್ಕೂ ಸೀಟಿನ ಬಗೆಗೂ ತಾಳೆಯಾಗುವುದಿಲ್ಲ, ಇಲ್ಲವೇ ಕಾಗದಪತ್ರ ಹೊತ್ತಿಗೆ ಸರಿಯಾಗಿ ತಲುಪಿರುವುದಿಲ್ಲ. ಇವೆಲ್ಲ ಒಂದೂವರೆ ವರ್ಷ ಮುಂಚೆ ಕೈಹಾಕಿದರೆ ಸರಿಪಡಿಸಬಹುದಾದ ಸಂಗತಿಗಳು. ಏಜೆನ್ಸಿಗಳಿಗೆ ಲಕ್ಷಗಟ್ಟಲೆ ಕಟ್ಟುವವರು ಪೋಷಕರಾದ್ದರಿಂದ ಅವರ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇವೆ.

ನರರೋಗ ತಜ್ಞರಾಗಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಇಲ್ಲಿ ಜನರಲ್ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂಡಿ ಮುಗಿಸಿ, ನೀಟ್ ಎಸ್‌ಎಸ್ ಅಥವಾ ಐಎನ್‌ಐ ಎಸ್‌ಎಸ್ ಪ್ರವೇಶ ಪರೀಕ್ಷೆ ಬರೆದು, ನ್ಯೂರಾಲಜಿಯಲ್ಲಿ ಮೂರು ವರ್ಷದ ಡಿಎಂ (ಸೂಪರ್ ಸ್ಪೆಷಾಲಿಟಿ ಪದವಿ) ಮಾಡುವ ದಾರಿ ಗಟ್ಟಿಯಾಗಿದೆ. ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ. ‘ಇಲ್ಲಿ ಆರು ವರ್ಷ, ಅಲ್ಲಿ ನಾಲ್ಕೇ ವರ್ಷ’ ಎಂಬ ಲೆಕ್ಕ ನಂಬಿ ಹೊರಡಬೇಡಿ. ಅಲ್ಲಿನ ನಾಲ್ಕು ವರ್ಷಕ್ಕೆ ಮುಂಚೆ ಪರೀಕ್ಷೆ, ಪ್ರಮಾಣಪತ್ರ, ಅರ್ಜಿ ಎಂದು ಎರಡು ವರ್ಷ ಸುಲಭವಾಗಿ ಹೋಗುತ್ತದೆ. ಮುಗಿದ ಮೇಲೆ ಸ್ಟ್ರೋಕ್, ಎಪಿಲೆಪ್ಸಿ ಎಂದು ಫೆಲೋಶಿಪ್ (ಒಂದು ಉಪವಿಭಾಗದಲ್ಲಿ ಹೆಚ್ಚಿನ ತರಬೇತಿ) ಮಾಡುವವರೇ ಹೆಚ್ಚು. ಅವಕಾಶದ ಲೆಕ್ಕವೂ ತಿಳಿದಿರಲಿ. ಎಲ್ಲ ವಿಭಾಗ ಸೇರಿಸಿ ನೋಡಿದರೆ, ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಇಷ್ಟದ ಪಟ್ಟಿಗಳನ್ನು ತಾಳೆ ನೋಡಿ ಸೀಟು ಹಂಚುವ 2024 ಮತ್ತು 2025ರ ಮ್ಯಾಚ್‌ನಲ್ಲಿ ಸೀಟು ಸಿಕ್ಕಿದ್ದು ನೂರಕ್ಕೆ ಸುಮಾರು 58 ಮಂದಿಗೆ. ಉಳಿದವರಿಗೆ ಆ ವರ್ಷ ಸಿಗಲಿಲ್ಲ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. 2022ರ ಜನವರಿಯಿಂದ ಈ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1 ಬರೀ ಪಾಸು–ಫೇಲು. ಹಾಗಾಗಿ ಎಲ್ಲರ ಕಣ್ಣು ಎರಡನೇ ಹಂತವಾದ ಸ್ಟೆಪ್ 2 ಸಿಕೆ ಅಂಕದ ಮೇಲಿದೆ. 2025ರ ಜುಲೈನಿಂದ ಅದರ ಪಾಸಿನ ಗೆರೆ 218. ಒಮ್ಮೆ ಪಾಸಾದ ಮೇಲೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ. ಫೇಲಾದರೆ ಅದು ದಾಖಲೆಯಲ್ಲಿ ಉಳಿಯುತ್ತದೆ. ಅಭ್ಯಾಸ ಪರೀಕ್ಷೆಗಳಲ್ಲಿ ಅಂಕ ಸ್ಥಿರವಾಗದೆ, ‘ತಾರೀಖು ತೆಗೆದುಕೊಂಡಾಗಿದೆ’ ಎಂದು ಹೋಗಿ ಕೂರಬೇಡಿ. ಫಲಿತಾಂಶ ಮಾತ್ರ ಅರ್ಜಿ ಸಲ್ಲಿಕೆ ಶುರುವಾಗುವ ಸೆಪ್ಟೆಂಬರ್ ಮೊದಲ ವಾರದೊಳಗೆ ಕೈಯಲ್ಲಿರಬೇಕು. ಹಳೆಯ ಪ್ರಶ್ನೆಗಳ ‘ರೀಕಾಲ್’ (ಪರೀಕ್ಷೆ ಬರೆದವರು ನೆನಪಿನಿಂದ ಹೇಳಿದ ಪ್ರಶ್ನೆಗಳ ಪಟ್ಟಿ) ಮಾರುವ ಗುಂಪುಗಳಿಂದ ದೂರವಿರಿ. 2024ರ ಜನವರಿಯಲ್ಲಿ ನೇಪಾಳಕ್ಕೆ ಸಂಬಂಧಪಟ್ಟ ಅಭ್ಯರ್ಥಿಗಳ ಗುಂಪೊಂದರ ಅಂಕಗಳನ್ನೇ ಯುಎಸ್‌ಎಂಎಲ್‌ಇ ರದ್ದು ಮಾಡಿತು. ಪ್ರಾಮಾಣಿಕವಾಗಿ ಓದಿದವರೂ ಇಂಥ ಗುಂಪಿನಲ್ಲಿ ಹೆಸರು ಸೇರಿಸಿಕೊಂಡು ಅನುಮಾನಕ್ಕೆ ಗುರಿಯಾಗುವುದು ಬೇಡ.

ಹೆಸರಿನ ವಿಷಯ ನಮ್ಮವರನ್ನು ವಿಶೇಷವಾಗಿ ಕಾಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಬಿಡಿಸಿ ಬರೆದಿರುತ್ತಾರೆ. ರಾಜೀವ್ ಗಾಂಧಿ ವಿವಿಯ ಪದವಿ ಪತ್ರದಲ್ಲಿ ಮತ್ತೆ ಇನಿಷಿಯಲ್. ಪರೀಕ್ಷಾ ಕೇಂದ್ರದಲ್ಲಿ ಪರ್ಮಿಟ್ಟಿನ (ಪ್ರವೇಶ ಪತ್ರದ) ಹೆಸರು ಪಾಸ್‌ಪೋರ್ಟಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಇಸಿಎಫ್‌ಎಂಜಿ (ವಿದೇಶಿ ವೈದ್ಯ ಪದವೀಧರರಿಗೆ ಅರ್ಹತಾ ಪ್ರಮಾಣಪತ್ರ ಕೊಡುವ ಅಮೆರಿಕದ ಸಂಸ್ಥೆ) ಪದವಿ ಪತ್ರ ಪರಿಶೀಲಿಸುವಾಗ ಹೆಸರಿನ ವ್ಯತ್ಯಾಸಕ್ಕೆ ದಾಖಲೆ ಕೇಳುತ್ತದೆ, ತಿಂಗಳುಗಳು ಕಳೆಯುತ್ತವೆ. ಆದ್ದರಿಂದ ಎರಡನೇ ಅಥವಾ ಮೂರನೇ ವರ್ಷದಲ್ಲೇ ಪಾಸ್‌ಪೋರ್ಟಿನ ಹೆಸರು ಹೇಗಿರಬೇಕೆಂದು ತೀರ್ಮಾನಿಸಿ, ಕಾಲೇಜಿನ ದಾಖಲೆಯನ್ನೂ ಅದಕ್ಕೆ ಹೊಂದಿಸಿಕೊಳ್ಳಿ. ಇಸಿಎಫ್‌ಎಂಜಿ ಖಾತೆ ತೆರೆಯುವುದು ಆಮೇಲಾಗಲಿ. ಸ್ಟೆಪ್ 1, ಸ್ಟೆಪ್ 2 ಸಿಕೆ ಪಾಸಾದರೂ ಪ್ರಮಾಣಪತ್ರ ತಾನಾಗಿ ಬರುವುದಿಲ್ಲ. ಪದವಿಯ ಪರಿಶೀಲನೆ ಮುಗಿಯಬೇಕು. ಜೊತೆಗೆ ಇಸಿಎಫ್‌ಎಂಜಿ ಹೇಳುವ ‘ಪಾತ್‌ವೇ’ಗಳಲ್ಲಿ (ಕ್ಲಿನಿಕಲ್ ಕೌಶಲ ತೋರಿಸುವ ದಾರಿಗಳು) ಒಂದನ್ನು ಪೂರೈಸಿ, ಓಇಟಿ ಮೆಡಿಸಿನ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಇಂಟರ್ನ್‌ಶಿಪ್ ಮುಗಿದ ಕೂಡಲೇ ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರಿಗೆ ಪಾತ್‌ವೇ 1 ಸಲೀಸು.

ಇನ್ನು ಮುಖ್ಯ ವಿಷಯ, ಶಿಫಾರಸು ಪತ್ರ. ಅರ್ಜಿ ಸಲ್ಲಿಸುವ ಆನ್‌ಲೈನ್ ವ್ಯವಸ್ಥೆಯಾದ ಇರಾಸ್‌ನಲ್ಲಿ ಒಂದು ಪ್ರೋಗ್ರಾಂಗೆ (ಒಂದು ಆಸ್ಪತ್ರೆಯ ರೆಸಿಡೆನ್ಸಿಗೆ) ಹೆಚ್ಚೆಂದರೆ ನಾಲ್ಕು ಪತ್ರ ಜೋಡಿಸಬಹುದು. ನ್ಯೂರಾಲಜಿಗೆ ಹಾಕುವವರು ಅದರಲ್ಲಿ ಎರಡನ್ನಾದರೂ ನರರೋಗ ತಜ್ಞರಿಂದಲೇ ಪಡೆದಿರಬೇಕು, ಮೂರಾದರೆ ಇನ್ನೂ ಒಳ್ಳೆಯದು. ಬರೆಯುವವರ ಹುದ್ದೆ ದೊಡ್ಡದಿದ್ದಷ್ಟೂ ಪತ್ರಕ್ಕೆ ತೂಕ ಎಂಬ ನಂಬಿಕೆ ತಪ್ಪು. ಹೆಸರಾಂತ ಪ್ರೊಫೆಸರ್ ‘ಈ ವಿದ್ಯಾರ್ಥಿ ನಾಲ್ಕು ವಾರ ನನ್ನ ವಿಭಾಗದಲ್ಲಿದ್ದ, ಸಮಯಪಾಲನೆ ಚೆನ್ನಾಗಿತ್ತು’ ಎಂದು ಬರೆದರೆ ಓದುವವರು ಮುಂದಿನ ಅರ್ಜಿಗೆ ಹೋಗುತ್ತಾರೆ. ವಿದ್ಯಾರ್ಥಿ ರೋಗಿಯನ್ನು ಹೇಗೆ ವಿಚಾರಿಸಿದ, ಪೆಟ್ಟು ನರಮಂಡಲದ ಯಾವ ಜಾಗದಲ್ಲಿದೆಯೆಂದು ಹೇಗೆ ಗುರುತಿಸಿದ ಎಂದು ಒಬ್ಬ ಸಾಮಾನ್ಯ ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಸಾಲು ಬರೆದರೂ ಅದೇ ಅರ್ಜಿಯನ್ನು ಎತ್ತಿ ಹಿಡಿಯುತ್ತದೆ.

ಅಂಥ ಸಾಲು ಬರೆಯಲು ಅವರಿಗೆ ಏನಾದರೂ ಕಂಡಿರಬೇಕಲ್ಲ? ಪಾದ ಎತ್ತಲಾಗದೆ ಬಂದ ರೋಗಿಯನ್ನೇ ತೆಗೆದುಕೊಳ್ಳಿ. ‘ಫುಟ್ ಡ್ರಾಪ್ ಇದೆ ಸರ್, ಎಂಆರ್‌ಐ ಮಾಡಿಸೋಣ’ ಎಂಬಲ್ಲಿಗೆ ಬಹಳ ಮಂದಿ ನಿಲ್ಲುತ್ತಾರೆ. ನೀವು ಪಾದವನ್ನು ಒಳಮುಖವಾಗಿ ತಿರುಗಿಸಲು ಹೇಳಿ ಶಕ್ತಿ ನೋಡಿ. ಅದು ಪೂರ್ತಿ ಉಳಿದಿದ್ದರೆ ಪೆಟ್ಟು ಹೆಚ್ಚಾಗಿ ಮಂಡಿಯ ಹೊರಬದಿಯಲ್ಲಿ, ಫಿಬ್ಯುಲಾ ಮೂಳೆಯ ಕತ್ತಿನ ಬಳಿ ಹಾಯುವ ಪೆರೋನಿಯಲ್ ನರಕ್ಕೆ. ಅದೂ ಸೋತಿದ್ದರೆ ಸೊಂಟದ ಬಳಿ ಬೆನ್ನುಮೂಳೆಯಿಂದ ಹೊರಬರುವ ಎಲ್5 ನರಮೂಲವನ್ನು ಶಂಕಿಸಬೇಕು. ಪಾದವನ್ನು ಒಳಕ್ಕೆ ತಿರುಗಿಸುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿಗೂ ಎಲ್5 ಎಳೆಗಳೇ ಬರುತ್ತವೆ, ಆದರೆ ಟಿಬಿಯಲ್ ನರದ ದಾರಿಯಲ್ಲಿ. ಹಾಗೆಯೇ ತೊಡೆಯನ್ನು ಪಕ್ಕಕ್ಕೆ ಎತ್ತುವ ಶಕ್ತಿಯನ್ನೂ ನೋಡಿ. ಅದು ಕುಗ್ಗಿದ್ದರೆ ಶಂಕೆ ಗಟ್ಟಿಯಾಗುತ್ತದೆ. ಆಮೇಲೆ ಕಸುಬು ಕೇಳಿ. ಕಳೆ ಕೀಳಲು ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತವರಲ್ಲಿ ಪೆರೋನಿಯಲ್ ನರ ಒತ್ತಿಹೋಗುವುದು ಗೊತ್ತಿರುವ ವಿಷಯ. ಇಷ್ಟನ್ನು ಎರಡು ನಿಮಿಷದಲ್ಲಿ ಕ್ರಮವಾಗಿ ಹೇಳಿದ ವಿದ್ಯಾರ್ಥಿಯನ್ನು ಯಾವ ನರರೋಗ ತಜ್ಞರೂ ಮರೆಯುವುದಿಲ್ಲ. ಇದನ್ನು ಕಲಿಯಲು ಅಮೆರಿಕ ಬೇಡ. ಇಂಟರ್ನ್‌ಶಿಪ್‌ನ ಮೆಡಿಸಿನ್ ಪೋಸ್ಟಿಂಗಿನಲ್ಲಿ ಒಂದು ಒಳ್ಳೆಯ ಹ್ಯಾಮರ್, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಇಟ್ಟುಕೊಂಡು ದಿನಕ್ಕೊಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಿ, ಸ್ಕ್ಯಾನ್ ನೋಡುವ ಮೊದಲು ಜಾಗ ಊಹಿಸಿ ಬರೆದಿಡಿ.

ಅಮೆರಿಕದಲ್ಲಿ ಕ್ಲಿನಿಕಲ್ ಅನುಭವ ಎರಡು ಬಗೆ. ವಿದ್ಯಾರ್ಥಿಯಾಗಿರುವಾಗಲೇ ಮಾಡುವ ಇಲೆಕ್ಟಿವ್‌ನಲ್ಲಿ ರೋಗಿಯನ್ನು ಮುಟ್ಟಿ ಪರೀಕ್ಷಿಸಬಹುದು. ಪದವಿಯ ಬಳಿಕ ಸಿಗುವ ಅಬ್ಸರ್ವರ್‌ಶಿಪ್‌ನಲ್ಲಿ ಪಕ್ಕದಲ್ಲಿ ನಿಂತು ನೋಡುವುದಷ್ಟೇ. ಇಲೆಕ್ಟಿವ್‌ಗೆ ಬೆಲೆ ಹೆಚ್ಚು, ಆದರೆ ಆ ಬಾಗಿಲು ಬೇಗ ಮುಚ್ಚುತ್ತದೆ. ಅರ್ಜಿ, ರೋಗನಿರೋಧಕ ದಾಖಲೆ, ಕಾಲೇಜಿನ ಒಪ್ಪಿಗೆ, ವೀಸಾ ಎಂದು ಬಹಳ ತಿಂಗಳು ಬೇಕಾದ್ದರಿಂದ ಮೂರನೇ ವರ್ಷದಲ್ಲೇ ವಿಚಾರಿಸಿ. ಅಬ್ಸರ್ವರ್‌ಶಿಪ್ ಮಾತ್ರ ಸಿಕ್ಕವರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ರೌಂಡ್ಸ್‌ನಲ್ಲಿ ಕೇಳಿದಾಗ ಜಾಗ ಗುರುತಿಸಿ ಹೇಳಿ, ಸಂಜೆ ಆ ರೋಗದ ಬಗ್ಗೆ ಓದಿ ಮರುದಿನ ಒಂದು ಪುಟದಲ್ಲಿ ಕೊಡಿ. ದುಡ್ಡು ಕೊಟ್ಟವರಿಗೆಲ್ಲ ಒಂದೇ ಅಚ್ಚಿನ ಪತ್ರ ಬರೆಯುವ ಖಾಸಗಿ ಕ್ಲಿನಿಕ್‌ಗಳಿಗೆ ಏಜೆನ್ಸಿ ಮೂಲಕ ಹೋಗುವ ಮುನ್ನ ಹತ್ತು ಬಾರಿ ಯೋಚಿಸಿ. ಹೆಸರು ಮಾತ್ರ ಬದಲಾದ ಪತ್ರಗಳು ಒಂದೇ ಆಯ್ಕೆ ಸಮಿತಿಯ ಮುಂದೆ ಬಂದು ಬೀಳುತ್ತವೆ, ಆಗ ಪತ್ರದ ಜೊತೆ ಅರ್ಜಿಯೂ ಬೆಲೆ ಕಳೆದುಕೊಳ್ಳುತ್ತದೆ. ಅದೇ ಹಣದಲ್ಲಿ ಎಂಟು ವಾರ ಒಂದೇ ಬೋಧನಾ ಆಸ್ಪತ್ರೆಯಲ್ಲಿ ಇರುವುದು ಮೇಲು.

ಪತ್ರವನ್ನು ಬರೆದವರೇ ಇರಾಸ್ ಪೋರ್ಟಲ್‌ಗೆ ಏರಿಸಬೇಕು. ನೀವು ಅವರಿಗೆ ಲೆಟರ್ ಐಡಿ ಇರುವ ಫಾರಂ ಕಳಿಸುತ್ತೀರಿ. ಪತ್ರ ಓದುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಗುರುತು ಹಾಕಿ. ಹಾಕದಿದ್ದರೆ ಓದುವವರಿಗೆ ಪತ್ರದ ಮೇಲೆ ನಂಬಿಕೆ ಕಡಿಮೆಯಾಗುತ್ತದೆ. ರೊಟೇಶನ್ (ಆ ವಿಭಾಗದಲ್ಲಿ ಕಳೆಯುವ ಅವಧಿ) ಮುಗಿಯುವ ವಾರದಲ್ಲೇ ಕೇಳಿ, ಜೊತೆಗೆ ನೀವು ನೋಡಿದ ಮೂರು–ನಾಲ್ಕು ರೋಗಿಗಳ ವಿವರವನ್ನು ಹೆಸರಿಲ್ಲದೆ ನೆನಪಿಗೆ ಕೊಡಿ. ಆರು ತಿಂಗಳ ಬಳಿಕ ಕೇಳಿದರೆ ಅವರಿಗೆ ನಿಮ್ಮ ಮುಖವೂ ನೆನಪಿರುವುದಿಲ್ಲ.

ಪರ್ಸನಲ್ ಸ್ಟೇಟ್‌ಮೆಂಟ್ (ಈ ವಿಭಾಗವೇ ಏಕೆಂದು ಅರ್ಜಿದಾರ ತನ್ನ ಬಗ್ಗೆ ಬರೆಯುವ ಟಿಪ್ಪಣಿ) ಒಂದು ಪುಟ ಸಾಕು. ‘ಅಜ್ಜನಿಗೆ ಪಾರ್ಶ್ವವಾಯು ಹೊಡೆಯಿತು, ಅಂದೇ ನಿರ್ಧರಿಸಿದೆ’ ಎಂಬ ಆರಂಭ ನಿಜವೇ ಇರಬಹುದು, ಆದರೆ ಓದುವವರು ಅದೇ ಆರಂಭವನ್ನು ಒಂದೇ ದಿನದಲ್ಲಿ ಎಷ್ಟೋ ಬಾರಿ ಓದಿರುತ್ತಾರೆ. ನಮ್ಮ ವಿದ್ಯಾರ್ಥಿಗಳು ತಮ್ಮಲ್ಲಿರುವುದನ್ನು ಬಳಸುವುದೇ ಇಲ್ಲವಲ್ಲ ಎಂಬುದೇ ನಮಗೆ ಬೇಸರ. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆಯ ವರದಿಗಳು ಹೆಚ್ಚಾಗಿ ಬಂದಿರುವುದು ದಕ್ಷಿಣ ಭಾರತದಿಂದ, ಅದರಲ್ಲೂ ನಮ್ಮ ಕರ್ನಾಟಕದಿಂದ. ಕ್ಷಯದ ಮೆನಿಂಜೈಟಿಸ್, ಮೆದುಳಿನಲ್ಲಿ ಲಾಡಿಹುಳುವಿನ ಗಂಟು — ಜಿಲ್ಲಾ ಆಸ್ಪತ್ರೆಯ ಇಂಟರ್ನ್ ಇವನ್ನು ಕಣ್ಣಾರೆ ಕಂಡಿರುತ್ತಾನೆ. ಅಲ್ಲಿನ ವಿದ್ಯಾರ್ಥಿಗೆ ಇವು ಅಪರೂಪ. ಇಂಥ ಒಬ್ಬ ರೋಗಿಯಿಂದ ಕಲಿತದ್ದನ್ನು ನಿಖರವಾಗಿ ಬರೆಯಿರಿ. ರೋಗಿಯ ಲಿಖಿತ ಒಪ್ಪಿಗೆ ಪಡೆದು, ನಿಮ್ಮ ವಿಭಾಗದ ಹಿರಿಯರ ಜೊತೆ ಕೇಸ್ ರಿಪೋರ್ಟ್ ಮಾಡಿದರೆ ಇನ್ನೂ ಒಳ್ಳೆಯದು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ನ ಐದು ಲೇಖನಕ್ಕಿಂತ ಸಂದರ್ಶನದಲ್ಲಿ ಧೈರ್ಯವಾಗಿ ಚರ್ಚಿಸಬಲ್ಲ ಒಂದು ಕೇಸ್ ರಿಪೋರ್ಟ್ ದೊಡ್ಡದು. ಇರಾಸ್ ಅರ್ಜಿಯ ಅನುಭವದ ಪಟ್ಟಿಯಲ್ಲಿ ಹತ್ತಕ್ಕೆ ಮಾತ್ರ ಜಾಗ, ಪ್ರತಿಯೊಂದಕ್ಕೂ 750 ಅಕ್ಷರ. ಅತಿ ಮುಖ್ಯವೆಂದು ಗುರುತಿಸುವ ಮೂರಕ್ಕೆ ಇನ್ನು 300 ಅಕ್ಷರ ಸಿಗುತ್ತದೆ. ಮಾಡದ್ದನ್ನು ಬರೆಯಬೇಡಿ. ಸಂದರ್ಶನದಲ್ಲಿ ಪ್ರಶ್ನೆ ಬರುವುದೇ ಅದರ ಮೇಲೆ.

ಪ್ರೋಗ್ರಾಂ ಆರಿಸುವಾಗ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ನ್ಯೂರಾಲಜಿ ಸೀಟುಗಳಲ್ಲಿ ಕ್ಯಾಟಗಾರಿಕಲ್ ಎಂದರೆ ಮೊದಲ ವರ್ಷದ ಮೆಡಿಸಿನ್ ಸೇರಿ ನಾಲ್ಕೂ ವರ್ಷ ಒಂದೇ ಕಡೆ. ಅಡ್ವಾನ್ಸ್ಡ್ ಎಂದರೆ ನ್ಯೂರಾಲಜಿ ಎರಡನೇ ವರ್ಷದಿಂದ ಶುರು, ಮೊದಲ ವರ್ಷದ ಪ್ರಿಲಿಮಿನರಿ ಸೀಟಿಗೆ ನೀವೇ ಪ್ರತ್ಯೇಕವಾಗಿ ಅರ್ಜಿ ಹಾಕಿ, ಪ್ರತ್ಯೇಕ ಪೂರಕ ಪಟ್ಟಿಯಲ್ಲಿ ರ‍್ಯಾಂಕ್ ಮಾಡಬೇಕು. ಆರ್ ಎಂಬ ಗುರುತಿನ ಸೀಟು ಆಗಲೇ ಮೊದಲ ವರ್ಷದ ತರಬೇತಿ ಮುಗಿಸಿದ ವೈದ್ಯರಿಗೆ. ಅಡ್ವಾನ್ಸ್ಡ್ ಸೀಟು ಸಿಕ್ಕಿ ಪ್ರಿಲಿಮಿನರಿ ಸಿಗದೆ ಒದ್ದಾಡುವವರಿದ್ದಾರೆ. ಪ್ರಿಲಿಮಿನರಿ ಸಿಕ್ಕರೂ ಆ ಆಸ್ಪತ್ರೆ ನಿಮಗೆ ಬೇಕಾದ ವೀಸಾ ಕೊಡದಿದ್ದರೆ ಅದೂ ವ್ಯರ್ಥ. ವಿದೇಶಿ ಪದವೀಧರರು ಕ್ಯಾಟಗಾರಿಕಲ್ ಸೀಟುಗಳಿಗೇ ಹೆಚ್ಚು ಒತ್ತು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಮಕ್ಕಳ ನರವಿಜ್ಞಾನ ಬೇಕೆನ್ನುವವರಿಗೆ ಬೇರೆಯೇ ಅರ್ಜಿ, ಐದು ವರ್ಷ, ಮೊದಲೆರಡು ವರ್ಷ ಪೀಡಿಯಾಟ್ರಿಕ್ಸ್.

ಪ್ರತಿ ಪ್ರೋಗ್ರಾಂನ ಜಾಲತಾಣದಲ್ಲಿ ಸೀಟಿನ ಬಗೆ, ಯಾವ ವೀಸಾ, ಪದವಿ ಮುಗಿದು ಎಷ್ಟು ವರ್ಷದೊಳಗಿರಬೇಕು, ಈಗಿರುವ ರೆಸಿಡೆಂಟ್‌ಗಳಲ್ಲಿ ವಿದೇಶಿ ಪದವೀಧರರು ಎಷ್ಟು ಎಂದು ನೋಡಿ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ. ಈ ಕೆಲಸ ಮಾಡದೆ ಎಲ್ಲ ಕಡೆಗೂ ಅರ್ಜಿ ಒಗೆಯುವವರು ಹಣ ಕಳೆದುಕೊಳ್ಳುತ್ತಾರೆ. 2025ರ ಸುತ್ತಿನ ದರದಂತೆ ಒಂದು ವಿಭಾಗದಲ್ಲಿ ಮೊದಲ 30 ಪ್ರೋಗ್ರಾಂಗೆ ತಲಾ 11 ಡಾಲರ್, ಆಮೇಲಿನ ಪ್ರತಿಯೊಂದಕ್ಕೂ 30 ಡಾಲರ್. ಅಂದರೆ 60ಕ್ಕೆ ಹಾಕಿದರೆ 1,230 ಡಾಲರ್. ಪ್ರಿಲಿಮಿನರಿ ಮೆಡಿಸಿನ್ ಲೆಕ್ಕ ಬೇರೆ. ‘ನಿಮ್ಮಲ್ಲಿಗೆ ಬರಲು ನಿಜವಾಗಿ ಆಸೆಯಿದೆ’ ಎಂದು ತಿಳಿಸುವ ಸಿಗ್ನಲ್‌ಗಳು ಕೆಲವೇ ಇರುತ್ತವೆ, ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅವನ್ನು ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳಿಗೇ ಸುರಿಯಬೇಡಿ. ನೀವು ರೊಟೇಶನ್ ಮಾಡಿದ ಜಾಗ, ನಿಮ್ಮಂಥವರನ್ನು ಈ ಮೊದಲು ತೆಗೆದುಕೊಂಡ ಜಾಗಗಳಿಗೆ ಕೊಡಿ.

ಇತ್ತೀಚಿನ ಸುತ್ತುಗಳಲ್ಲಿ ಸೆಪ್ಟೆಂಬರ್ ಮೊದಲ ವಾರದಿಂದ ಅರ್ಜಿ ಸಲ್ಲಿಸಬಹುದು, ತಿಂಗಳ ಕೊನೆಯ ವಾರದಲ್ಲಿ ಪ್ರೋಗ್ರಾಂಗಳು ತೆರೆದು ನೋಡುತ್ತವೆ. ಆ ದಿನಕ್ಕೆ ಎಲ್ಲವೂ ಒಳಗಿರಬೇಕು. ಕಾಲೇಜಿನ ಡೀನ್ ಪತ್ರ ಮತ್ತು ಟ್ರಾನ್ಸ್‌ಕ್ರಿಪ್ಟ್‌ಗೆ ಜೂನ್‌ನಲ್ಲೇ ಕಚೇರಿಗೆ ಅರ್ಜಿ ಕೊಟ್ಟು, ವಾರಕ್ಕೊಮ್ಮೆ ಹೋಗಿ ವಿಚಾರಿಸಿ. ಇರಾಸ್‌ಗೆ ಅರ್ಜಿ ಹಾಕಿದ ಮಾತ್ರಕ್ಕೆ ಮ್ಯಾಚ್‌ಗೆ ಸೇರಿದಂತಾಗುವುದಿಲ್ಲ, ಅದನ್ನು ನಡೆಸುವ ಸಂಸ್ಥೆಯಾದ ಎನ್‌ಆರ್‌ಎಂಪಿಯಲ್ಲಿ ಬೇರೆಯೇ ನೋಂದಣಿ ಬೇಕು.

ಸಂದರ್ಶನ ಬಹುತೇಕ ಆನ್‌ಲೈನ್. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರವಿದ್ದದ್ದು ಆಮೇಲೆ ಹತ್ತೂವರೆಯಾಗುತ್ತದೆ. ಅಲ್ಲಿನ ಬೆಳಿಗ್ಗೆ 8 ಗಂಟೆ ಎಂದರೆ ಇಲ್ಲಿ ಸಂಜೆ 6.30. ಕ್ಯಾಲಿಫೋರ್ನಿಯಾದ 8 ಗಂಟೆ ಇಲ್ಲಿ ರಾತ್ರಿ 9.30. ಕರೆಯ ಇಮೇಲ್‌ಗಳು ಬರುವುದೂ ನಮ್ಮ ರಾತ್ರಿಯಲ್ಲೇ, ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಒಳ್ಳೆಯ ದಿನಾಂಕಗಳು ಖಾಲಿಯಾಗಿರುತ್ತವೆ. ಅಕ್ಟೋಬರ್‌ನಿಂದ ಆ ಇಮೇಲ್‌ಗೆ ಮಾತ್ರ ಜೋರು ಸದ್ದಿಟ್ಟುಕೊಂಡು ಮಲಗಿ. ಕರೆಂಟು ಹೋದರೆ ಯುಪಿಎಸ್, ನೆಟ್ ಹೋದರೆ ಮೊಬೈಲ್ ಡೇಟಾ ಸಿದ್ಧವಿರಲಿ. ‘ನ್ಯೂರಾಲಜಿಯೇ ಏಕೆ, ಮೆಡಿಸಿನ್ ಏಕಲ್ಲ’ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಒಪ್ಪಿಸಬೇಡಿ, ಒಬ್ಬ ರೋಗಿಯನ್ನು ಮುಂದಿಟ್ಟು ಹೇಳಿ.

ಜೆ–1 (ವಿನಿಮಯ ತರಬೇತಿಯ) ವೀಸಾಕ್ಕೆ ದೆಹಲಿಯ ಆರೋಗ್ಯ ಸಚಿವಾಲಯದಿಂದ ‘ಸ್ಟೇಟ್‌ಮೆಂಟ್ ಆಫ್ ನೀಡ್’ (ಈ ತಜ್ಞತೆ ದೇಶಕ್ಕೆ ಬೇಕೆಂಬ ಪತ್ರ) ಬೇಕು. ಮಾರ್ಚ್ ಮೂರನೇ ವಾರದ ಮ್ಯಾಚ್‌ಗೂ ಜುಲೈ 1ರ ಕೆಲಸಕ್ಕೂ ನಡುವೆ ಇರುವುದು ಮೂರೂ ಚಿಲ್ಲರೆ ತಿಂಗಳು, ಆದ್ದರಿಂದ ಅದಕ್ಕೆ ಬೇಕಾದ ಕಾಗದಗಳನ್ನು ಫೆಬ್ರುವರಿಯಲ್ಲೇ ಒಟ್ಟು ಮಾಡಿ. ಜೆ–1 ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು, ಇಲ್ಲವೇ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿದು ವಿನಾಯಿತಿ ಪಡೆಯಬೇಕು. ಕಾನ್ರಾಡ್ ಯೋಜನೆಯಲ್ಲಿ ಇದಕ್ಕೆ ರಾಜ್ಯವೊಂದಕ್ಕೆ ವರ್ಷಕ್ಕೆ 30 ಅವಕಾಶ. ಎಚ್–1ಬಿ (ಉದ್ಯೋಗ ವೀಸಾ) ಬೇಕಾದವರು ಸ್ಟೆಪ್ 3 ಪಾಸಾಗಿರಬೇಕು. ಅದು ಎರಡು ದಿನದ ಪರೀಕ್ಷೆ, ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ, ಇಸಿಎಫ್‌ಎಂಜಿ ಪ್ರಮಾಣಪತ್ರವಿಲ್ಲದೆ ಬರೆಯುವಂತಿಲ್ಲ. ಮೇಲಾಗಿ 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಆದೇಶ ಹೊರಗಿನಿಂದ ಬರುವವರ ಹೊಸ ಎಚ್–1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ವಿಧಿಸಿತು. ಆದ್ದರಿಂದ ಹಳೆಯ ಪಟ್ಟಿಗಳನ್ನು ನಂಬದೆ, ಅರ್ಜಿ ಹಾಕುವ ಮೊದಲು ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ನೇರವಾಗಿ ಇಮೇಲ್ ಮಾಡಿ ಕೇಳಿ.

ರ‍್ಯಾಂಕ್ ಪಟ್ಟಿ ಮಾಡುವಾಗ ‘ಎಲ್ಲಿ ಸಿಗಬಹುದು’ ಎಂದು ಊಹಿಸಿ ಮೇಲೆ ಕೆಳಗೆ ಮಾಡಬೇಡಿ. ಲೆಕ್ಕ ನಡೆಯುವುದೇ ಅಭ್ಯರ್ಥಿಯ ಇಷ್ಟದಿಂದ. ಕಷ್ಟದ ಜಾಗವನ್ನು ಮೊದಲಿಗೆ ಇಟ್ಟರೆ ಎರಡನೆಯ ಜಾಗದಲ್ಲಿ ನಿಮ್ಮ ಅವಕಾಶ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಫಲಿತಾಂಶಕ್ಕೆ ನೀವು ಬದ್ಧರು. ಹೋಗಲು ಮನಸ್ಸಿಲ್ಲದ ಜಾಗವನ್ನು ಪಟ್ಟಿಗೇ ಸೇರಿಸಬೇಡಿ.

ಸೀಟು ಸಿಗಲಿಲ್ಲವೆಂದು ಮ್ಯಾಚ್ ವಾರದ ಸೋಮವಾರ ತಿಳಿದರೆ, ಉಳಿದ ಸೀಟುಗಳಿಗೆ ಅದೇ ವಾರ ಸೋಪ್ ಎಂಬ ಸುತ್ತು ನಡೆಯುತ್ತದೆ. ಅಲ್ಲಿ ಪ್ರೋಗ್ರಾಂಗಳನ್ನು ನೀವಾಗಿ ಫೋನು, ಇಮೇಲ್ ಮೂಲಕ ಸಂಪರ್ಕಿಸುವುದು ನಿಯಮಭಂಗ, ಬಂಧುಬಳಗದವರಿಂದ ಮಾಡಿಸಿದರೂ ಅಷ್ಟೇ. ಅಲ್ಲೂ ಆಗದಿದ್ದರೆ ಸೆಪ್ಟೆಂಬರಿನಲ್ಲಿ ಅದೇ ಅರ್ಜಿಯನ್ನು ಮತ್ತೆ ಹಾಕಬೇಡಿ. ಸಂದರ್ಶನದ ಕರೆಯೇ ಬಂದಿರಲಿಲ್ಲವೆಂದರೆ ದೋಷ ಪತ್ರಗಳಲ್ಲೋ ಪ್ರೋಗ್ರಾಂ ಆಯ್ಕೆಯಲ್ಲೋ ಇದೆ. ಹೊಸ ರೊಟೇಶನ್ ಮಾಡಿ ಹೊಸ ಪತ್ರ ತನ್ನಿ, ಪಟ್ಟಿ ಬದಲಿಸಿ. ಕರೆ ಬಂದೂ ಸಿಗದಿದ್ದರೆ ಅನುಭವಸ್ಥರೊಬ್ಬರ ಮುಂದೆ ಅಣಕು ಸಂದರ್ಶನ ಕೊಟ್ಟು ರೆಕಾರ್ಡಿಂಗ್ ಕೇಳಿಸಿಕೊಳ್ಳಿ. ಆ ವರ್ಷ ಮನೆಯಲ್ಲಿ ಕೂರದೆ ಇಲ್ಲೇ ಯಾವುದಾದರೂ ಆಸ್ಪತ್ರೆಯ ಮೆಡಿಸಿನ್ ಅಥವಾ ನ್ಯೂರಾಲಜಿ ವಿಭಾಗದಲ್ಲಿ ಕೆಲಸ ಮಾಡಿ. ಅರ್ಜಿ ತೆರೆದವರು ಆ ವರ್ಷ ರೋಗಿಗಳ ಜೊತೆ ಇದ್ದಿರಾ ಎಂಬುದನ್ನೇ ಮೊದಲು ಹುಡುಕುತ್ತಾರೆ.

ಇಂತಿ,
ಅಮೆರಿಕದ ಬೋಧನಾ ಆಸ್ಪತ್ರೆಗಳಲ್ಲಿರುವ ಕನ್ನಡಿಗ ನರರೋಗ ತಜ್ಞರು